ಐದು ಟಾಸ್ ಸೋತು 2-2: ಇಂಗ್ಲೆಂಡ್ ಪ್ರವಾಸದ ಬಗ್ಗೆ ನೀವು ಕೇಳಿದ್ದು

ಭಾರತ ತಂಡದ ಇಂಗ್ಲೆಂಡ್ ಪ್ರವಾಸ ಮುಗಿದರೂ ನಿಮ್ಮ ಪ್ರಶ್ನೆಗಳು ಮುಗಿಯುತ್ತಿಲ್ಲ. ಕಾಗದ, ಇಮೇಲ್, ವಾಟ್ಸಾಪ್ ಎಲ್ಲ ಸೇರಿಸಿದರೆ ಆಟಿ ತಿಂಗಳ ಮಳೆಗಿಂತ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಕ್ರಿಕೆಟ್. ಅಡಿಕೆ ಕೊಳೆರೋಗದ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಕ್ಷಮಿಸಿ.

ನೋಡದವರಿಗೆ ಎರಡು ಸಾಲು. 2025ರ ಜೂನ್ 20ರಿಂದ ಆಗಸ್ಟ್ 4ರವರೆಗೆ ಐದು ಟೆಸ್ಟ್. ಟ್ರೋಫಿಗೆ ಆ್ಯಂಡರ್ಸನ್-ತೆಂಡೂಲ್ಕರ್ ಎಂದು ಹೆಸರು. ನಾಯಕನಾಗಿ ಶುಭಮನ್ ಗಿಲ್‌ಗೆ ಇದು ಮೊದಲ ಟೆಸ್ಟ್ ಸರಣಿ. ಲೀಡ್ಸ್‌ನಲ್ಲಿ ಸೋತೆವು, ಬರ್ಮಿಂಗ್‌ಹ್ಯಾಮ್‌ನಲ್ಲಿ 336 ರನ್‌ನಿಂದ ಗೆದ್ದೆವು, ಲಾರ್ಡ್ಸ್‌ನಲ್ಲಿ 22 ರನ್‌ನಿಂದ ಸೋತೆವು, ಮ್ಯಾಂಚೆಸ್ಟರ್ ಡ್ರಾ, ಓವಲ್‌ನಲ್ಲಿ 6 ರನ್ ಗೆಲುವು.

ಪ್ರಶ್ನೆ: ಲೀಡ್ಸ್‌ನಲ್ಲಿ ನಮ್ಮವರು ಐದು ಶತಕ ಹೊಡೆದರು. ಆದರೂ ಸೋತರು. ಇದು ಹೇಗೆ ಮಾರಾಯ್ರೆ? ನನಗೆ ಎರಡು ದಿನ ಊಟ ಸೇರಲಿಲ್ಲ.
– ಅಂಗಡಿ ಮಾಲೀಕರು, ಕಾಪು

ಉತ್ತರ: ಊಟ ಬಿಡುವಂಥದ್ದೇ. ಒಂದೇ ಟೆಸ್ಟ್‌ನಲ್ಲಿ ಐದು ಶತಕ ಹೊಡೆದೂ ಸೋತ ತಂಡ ಅಲ್ಲಿವರೆಗೆ ಒಂದೂ ಇರಲಿಲ್ಲ, ಆ ಹೆಸರು ನಮಗೆ ಬಂತು. ಜೈಸ್ವಾಲ್ 101, ಗಿಲ್ 147, ರಾಹುಲ್ 137, ಪಂತ್ ಎರಡೂ ಇನಿಂಗ್ಸ್‌ನಲ್ಲಿ 134 ಮತ್ತು 118. ಇಷ್ಟೇ ಓದಿದರೆ ಗೆದ್ದ ಪಂದ್ಯದ ಹಾಗೆ ಕಾಣುತ್ತದೆ. ಸ್ಕೋರ್‌ಕಾರ್ಡಿನ ಕೆಳಗಿನ ಅರ್ಧ ನೋಡಿ. ಮೊದಲ ಇನಿಂಗ್ಸ್‌ನಲ್ಲಿ 3 ವಿಕೆಟ್‌ಗೆ 430 ಇದ್ದದ್ದು 471ಕ್ಕೆ ಮುಗಿಯಿತು. ಎರಡನೆಯದರಲ್ಲಿ 4ಕ್ಕೆ 333 ಇದ್ದದ್ದು 364. ಲೆಕ್ಕ ಹಾಕಿ, ಎರಡೂ ಸಲ ಸೇರಿ ಕೊನೆಯ 13 ವಿಕೆಟ್‌ಗೆ ಬರೀ 72 ರನ್. ಮದುವೆ ಊಟಕ್ಕೆ ಐದು ಬಗೆ ಪಾಯಸ ಮಾಡಿಸಿ ಕೊನೇ ಪಂಕ್ತಿಗೆ ಅನ್ನ ಸಾಲದೆ ಬಂದ ಹಾಗೆ ಆಯಿತು.

ಮತ್ತೆ ಕ್ಯಾಚ್. ಜೈಸ್ವಾಲ್ ಒಬ್ಬನೇ ಎಷ್ಟು ಬಿಟ್ಟ ಅಂತ ನಿಮಗೂ ಗೊತ್ತು, ನಾನು ಎಣಿಸಲು ಹೋಗುವುದಿಲ್ಲ, ಹುಡುಗ ಓವಲ್‌ನಲ್ಲಿ 118 ಹೊಡೆದು ಸಾಲ ತೀರಿಸಿದ್ದಾನೆ. ಗೆಲ್ಲಲು ಇಂಗ್ಲೆಂಡಿಗೆ ಬೇಕಿದ್ದದ್ದು 371. ಡಕೆಟ್ 149 ಹೊಡೆದ, 5 ವಿಕೆಟ್ ಉಳಿಸಿಕೊಂಡೇ ಗೆದ್ದರು. ಬಾಲಂಗೋಚಿ ಬ್ಯಾಟರ್‌ಗಳು ಇನ್ನೊಂದು 60 ರನ್ ಮಾಡಿದ್ದರೆ ಈ ಸರಣಿಯ ಕಥೆಯೇ ಬೇರೆ. ನನ್ನ ಪ್ರಕಾರ ನಾವು ಸರಣಿ ಗೆಲ್ಲದೆ ಹೋದದ್ದು ಲಾರ್ಡ್ಸ್‌ನಲ್ಲಿ ಅಲ್ಲ, ಲೀಡ್ಸ್‌ನಲ್ಲೇ.

ಪ್ರಶ್ನೆ: ಐದಕ್ಕೆ ಐದೂ ಟಾಸ್ ಸೋತಿದ್ದಾರೆ. ಯಾರಾದರೂ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಬಾರದಾ?
– ಓದುಗರು, ಕಾರ್ಕಳ

ಉತ್ತರ: ನಾಣ್ಯ ಎಸೆದು ಸತತ ಐದು ಸಲ ಸೋಲುವುದು 32ರಲ್ಲಿ ಒಂದು ಸಾಧ್ಯತೆ. ಅಷ್ಟೇನೂ ಅಪರೂಪ ಅಲ್ಲ. ಜೋಯಿಸರಿಗೆ ಬೇರೆ ಕೆಲಸ ಉಂಟು.

ಪ್ರಶ್ನೆ: ಕೆ.ಎಲ್. ರಾಹುಲ್ ನಮ್ಮ ಊರಿನವನು ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ. ಬೆಂಗಳೂರಿನ ನನ್ನ ರೂಮ್‌ಮೇಟ್ ಅವನು ಬೆಂಗಳೂರಿನವನು ಎನ್ನುತ್ತಾಳೆ. ಯಾರು ಸರಿ? ಇನ್ನೊಂದು, ಅವನು ಇಂಗ್ಲೆಂಡ್, ಆಫ್ರಿಕಾದಲ್ಲಿ ಮಾತ್ರ ಆಡುವುದು ಯಾಕೆ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಇಬ್ಬರೂ ಸರಿ, ಜಗಳ ಬೇಡ. ಅಪ್ಪ ಸುರತ್ಕಲ್ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಹುಡುಗ ಅಲ್ಲೇ ಕ್ಯಾಂಪಸ್ಸಿನ ಶಾಲೆಯಲ್ಲಿ ಓದಿದ, ಮಂಗಳೂರಿನಲ್ಲೇ ಬ್ಯಾಟ್ ಹಿಡಿಯಲು ಕಲಿತ. ಹದಿನೆಂಟರ ಹೊತ್ತಿಗೆ ಬೆಂಗಳೂರಿಗೆ ಹೋದ. ಆಡಿದ್ದು ಕರ್ನಾಟಕಕ್ಕೆ. ನಮ್ಮ ಕರಾವಳಿಯ ಅರ್ಧಕ್ಕರ್ಧ ಮಕ್ಕಳ ಕಥೆ ಇದೇ ತಾನೆ? ಕಲಿಯುವುದು ಇಲ್ಲಿ, ಆಮೇಲೆ ರಾತ್ರಿ ಬಸ್ಸು.

ಎರಡನೇ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು. ಈ ಸರಣಿ ಮುಗಿದಾಗ ಟೆಸ್ಟ್‌ನಲ್ಲಿ ಅವನದು 10 ಶತಕ. ಅದರಲ್ಲಿ 9 ಹೊರದೇಶದಲ್ಲಿ. ಸಿಡ್ನಿ, ಕೊಲಂಬೊ, ಕಿಂಗ್‌ಸ್ಟನ್, ಓವಲ್, ಲಾರ್ಡ್ಸ್ ಎರಡು ಸಲ, ಸೆಂಚುರಿಯನ್ ಎರಡು ಸಲ, ಲೀಡ್ಸ್. ಅಲ್ಲಿವರೆಗೆ ಊರಲ್ಲಿ ಹೊಡೆದದ್ದು ಒಂದೇ, 2016ರಲ್ಲಿ ಚೆನ್ನೈಯಲ್ಲಿ 199. ಅದೂ ಒಂದು ರನ್ನಿಗೆ ದ್ವಿಶತಕ ತಪ್ಪಿದ್ದು. ಅದೇ ಪಂದ್ಯದಲ್ಲಿ ಕರುಣ್ ನಾಯರ್ 303 ಹೊಡೆದು ಔಟಾಗದೆ ಉಳಿದ, ಹಾಗಾಗಿ 199 ಯಾರಿಗೂ ನೆನಪಿಲ್ಲ.

ಯಾಕೆ ಹೀಗೆ ಅಂದರೆ ನನಗೆ ಕಾಣುವ ಕಾರಣ ಒಂದೇ, ಅವನಿಗೆ ಚೆಂಡು ಬಿಡಲು ಬರುತ್ತದೆ. ಕೇಳಲು ಸುಲಭ. ಆಫ್ ಸ್ಟಂಪಿನ ಹೊರಗೆ ನಾಲ್ಕು ಬೆರಳು ದೂರದಲ್ಲಿ ಹೋಗುವ ಚೆಂಡು ಬಿಡುವುದು ಯಾರಿಗೆ ಬರುವುದಿಲ್ಲ ಎನ್ನುತ್ತೀರಿ. ಆದರೆ ಆ ಚೆಂಡು ಕೈಯಿಂದ ಹೊರಟಾಗ ನಾಲ್ಕು ಬೆರಳು ದೂರ ಇರುವುದಿಲ್ಲ, ನೇರ ಸ್ಟಂಪಿಗೇ ಬರುತ್ತಿರುತ್ತದೆ. ಕೊನೆಯ ಗಳಿಗೆಯಲ್ಲಿ ಹೊರಗೆ ಹೊರಳುತ್ತದೆ. ಬ್ಯಾಟ್ ಮುಂದೆ ಚಾಚಿದವನು ಸ್ಲಿಪ್‌ಗೆ ಕ್ಯಾಚ್ ಕೊಡುತ್ತಾನೆ. ರಾಹುಲ್ ಈ ಸಲ ಬ್ಯಾಟನ್ನು ಮೈಗೆ ಹತ್ತಿರ ಇಟ್ಟುಕೊಂಡು, ಚೆಂಡು ಕಣ್ಣಿನ ಕೆಳಗೆ ಬಂದ ಮೇಲೆ ಮಾತ್ರ ಆಡಿದ, ಬರದಿದ್ದರೆ ಎರಡೂ ಕೈ ಎತ್ತಿ ಬಿಟ್ಟ. ನಮ್ಮ ದೇಶದ ಪಿಚ್‌ನಲ್ಲಿ ಸ್ಪಿನ್ನರ್ ಎದುರು ಈ ಕೆಲಸಕ್ಕೆ ಅಷ್ಟು ಬೆಲೆ ಇಲ್ಲ.

ಹಾಗಂತ ಅವನನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. 2014ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ 3 ಮತ್ತು 1. ಮುಂದಿನ ಪಂದ್ಯದಲ್ಲೇ ಸಿಡ್ನಿಯಲ್ಲಿ 110. ಆಮೇಲಿನ ಹತ್ತು ವರ್ಷ ಹೀಗೇ ಹಾವು ಏಣಿ ಆಟ. ಈ ಸಲ ಮಾತ್ರ ಓವಲ್ ಬಿಟ್ಟರೆ ಎಲ್ಲ ಪಂದ್ಯದಲ್ಲೂ ಒಂದೇ ಹದ, ಒಟ್ಟು 532 ರನ್. ಗಮನಿಸಿ, ಸರಣಿ ಶುರುವಾಗುವ ಮುಂಚೆಯೇ ಹೋಗಿ ನಾರ್ಥಾಂಪ್ಟನ್‌ನಲ್ಲಿ ಇಂಗ್ಲೆಂಡ್ ಲಯನ್ಸ್ (ಅವರ ಎರಡನೇ ತಂಡ) ವಿರುದ್ಧ ಇಂಡಿಯಾ ಎ ತಂಡಕ್ಕೆ ಆಡಿದ, ಅಲ್ಲಿ 116 ಹೊಡೆದ. ಹತ್ತು ವರ್ಷ ಟೆಸ್ಟ್ ಆಡಿದವನು ಎ ತಂಡಕ್ಕೆ ಆಡಲು ನಾಚಿಕೆಪಡಲಿಲ್ಲ. ಪೇಪರಿನಲ್ಲಿ ಅದು ಎರಡು ಇಂಚು ಸುದ್ದಿ. ನನಗೆ ಮಾತ್ರ ಲಾರ್ಡ್ಸ್‌ನ ಶತಕಕ್ಕಿಂತ ಆ 116 ದೊಡ್ಡದು.

ಪ್ರಶ್ನೆ: ಅಣ್ಣ, ಈ ಡ್ಯೂಕ್ಸ್ ಚೆಂಡಿನ ಗಲಾಟೆ ಎಂತದು? ಪ್ರತಿ ಪಂದ್ಯದಲ್ಲೂ ಚೆಂಡು ಬದಲಿಸಿ ಅಂತ ಅಂಪೈರ್ ಹತ್ತಿರ ಓಡುತ್ತಿದ್ದರು. ನಾವು ಟೆನ್ನಿಸ್ ಬಾಲ್ ಕೂದಲು ಉದುರಿದರೂ ಆಡುತ್ತೇವೆ.
– ಅಂಡರ್ ಆರ್ಮ್ ಆಟಗಾರ, ಪಡುಬಿದ್ರಿ

ಉತ್ತರ: ನಿಮ್ಮ ಟೂರ್ನಿಯಲ್ಲಿ ಆಟ ಬೆಳಗಾಗುವುದರೊಳಗೆ ಮುಗಿಯುತ್ತದೆ ತಮ್ಮ, ಅಲ್ಲಿ ಒಂದೇ ಚೆಂಡು 80 ಓವರ್ ಬಾಳಬೇಕು. ಇಷ್ಟು ಬರೆಯುವಾಗ ನನ್ನ ಮೇಜಿನ ಮೇಲೆ ಒಂದು ಹಳೆ ಕೆಂಪು ಚೆಂಡು ಉಂಟು, ಪೇಪರ್ ಹಾರದ ಹಾಗೆ ಇಟ್ಟದ್ದು. ಒಂದು ಕಡೆ ಇನ್ನೂ ಸ್ವಲ್ಪ ಮಿರುಗುತ್ತದೆ, ಇನ್ನೊಂದು ಕಡೆ ಒಣಗಿದ ಅಡಿಕೆಯ ಹಾಗೆ ಒರಟು. ನಡುವೆ ಆರು ಸಾಲು ದಾರ. ಇಂಗ್ಲೆಂಡಿನಲ್ಲಿ ಆಡುವ ಡ್ಯೂಕ್ಸ್‌ನಲ್ಲಿ ಈ ಆರೂ ಸಾಲು ಕೈಹೊಲಿಗೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಕಡೆ ಆಡುವ ಕೂಕಬುರಾದಲ್ಲಿ ನಡುವಿನ ಎರಡು ಸಾಲು ಮಾತ್ರ ಕೈಯಲ್ಲಿ, ಉಳಿದದ್ದು ಮೆಷಿನ್ನಿನಲ್ಲಿ. ನಮ್ಮಲ್ಲಿ ಆಡುವುದು ಎಸ್‌ಜಿ, ಅದೂ ಕೈಹೊಲಿಗೆಯದು. ಕೈಹೊಲಿಗೆಯ ದಾರ ಎದ್ದು ನಿಲ್ಲುತ್ತದೆ, ಬೇಗ ಕೂರುವುದಿಲ್ಲ. ಹಾಗಾಗಿ ಡ್ಯೂಕ್ಸ್ ಜಾಸ್ತಿ ಹೊತ್ತು ಸ್ವಿಂಗ್ ಆಗಬೇಕು, ಅದಕ್ಕೇ ಇಂಗ್ಲೆಂಡಿನಲ್ಲಿ ಬೌಲರ್‌ಗಳಿಗೆ ಹಬ್ಬ.

ಈ ಸಲ ಹಬ್ಬ ಆಗಲಿಲ್ಲ. 30 ಓವರ್ ದಾಟುವುದರೊಳಗೆ ಚೆಂಡು ಮೆತ್ತಗಾಗಿ ಆಕಾರ ಬಿಡುತ್ತಿತ್ತು. ಅಂಪೈರ್ ಹತ್ತಿರ ಬಳೆಯ ಹಾಗಿನ ಎರಡು ಉಂಗುರ ಇರುತ್ತದೆ. ಚೆಂಡು ದೊಡ್ಡದರೊಳಗೆ ತೂರಬೇಕು, ಚಿಕ್ಕದರೊಳಗೆ ತೂರಬಾರದು. ತಪ್ಪಿದರೆ ಬದಲಿಸುತ್ತಾರೆ. ಆದರೆ ಬದಲಿಗೆ ಬರುವುದು ಹೊಸ ಚೆಂಡಲ್ಲ, ಪೆಟ್ಟಿಗೆಯಲ್ಲಿ ಇರುವ ಹಳೆ ಚೆಂಡುಗಳಲ್ಲಿ ಒಂದು. ಲಾರ್ಡ್ಸ್‌ನ ಎರಡನೇ ದಿನ ಆದದ್ದು ಅದೇ. ಬೆಳಿಗ್ಗೆ ಬುಮ್ರಾ ಚೆಂಡನ್ನು ಎರಡೂ ಕಡೆ ಕುಣಿಸುತ್ತಾ ಮೂರು ವಿಕೆಟ್ ತೆಗೆದಿದ್ದ. ಚೆಂಡು ಬರೀ 10.2 ಓವರ್ ಹಳೆಯದು. ಆಕಾರ ಹೋಗಿದೆ ಅಂತ ನಮ್ಮವರೇ ಕೊಟ್ಟು ಬದಲಿಸಿದರು. ಬಂದದ್ದು ನೋಡಲಿಕ್ಕೇ ಮುದಿಯಾದ ಚೆಂಡು, ಸ್ವಿಂಗ್ ಪೂರ್ತಿ ನಿಂತುಹೋಯಿತು. ಗಿಲ್ ಅಂಪೈರ್ ಎದುರು ಕೈಬೀಸಿ ಕೂಗಾಡಿದ್ದು ನೀವೂ ನೋಡಿರಬೇಕು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟು ಎದ್ದು ಆಮೇಲೆ ಕಂಡಕ್ಟರ್ ಹತ್ತಿರ ಜಗಳ ಮಾಡಿದ ಹಾಗೆ ಆಯಿತು, ಪಾಪ.

ಉಗುಳು ಹಚ್ಚಿ ಉಜ್ಜುವುದು ಕೊರೊನಾದಲ್ಲಿ ನಿಂತಿತು, 2022ರಿಂದ ಖಾಯಂ ನಿಷೇಧ. ಈಗ ಬೆವರು ಮಾತ್ರ. ಇಂಗ್ಲೆಂಡಿನ ಚಳಿಯಲ್ಲಿ ಬೆವರು ಎಲ್ಲಿಂದ ತರುವುದು ಅಂತ ಕೇಳಬೇಡಿ. ನಮ್ಮ ನೆಹರೂ ಮೈದಾನದಲ್ಲಿ ಏಪ್ರಿಲ್‌ನಲ್ಲಿ ಆಡಿಸಿದರೆ ಆ ತೊಂದರೆ ಇಲ್ಲ.

ಪ್ರಶ್ನೆ: ಪಂತ್ ಕಾಲು ಮುರಿದುಕೊಂಡ ಮೇಲೆ ಧ್ರುವ್ ಜುರೆಲ್ ಕೀಪಿಂಗ್ ಮಾಡಿದ. ಹಾಗಾದರೆ ಬ್ಯಾಟಿಂಗ್‌ಗೂ ಅವನನ್ನೇ ಕಳಿಸಬಹುದಿತ್ತಲ್ಲ? ಮುರಿದ ಕಾಲಿನವನನ್ನು ಕಳಿಸಿದ್ದು ಕ್ರೂರ ಅಲ್ವಾ?
– ನರ್ಸ್, ಮಂಗಳೂರು

ಉತ್ತರ: ನಿಯಮ ಬಿಡುವುದಿಲ್ಲ. ಬದಲಿ ಆಟಗಾರ ಫೀಲ್ಡಿಂಗ್ ಮಾಡಬಹುದು. 2017ರ ನಂತರ ಅಂಪೈರ್ ಒಪ್ಪಿದರೆ ಕೀಪಿಂಗ್ ಕೂಡ ಮಾಡಬಹುದು. ಬ್ಯಾಟಿಂಗ್, ಬೌಲಿಂಗ್ ಇಲ್ಲ. ತಲೆಗೆ ಏಟು ಬಿದ್ದರೆ ಮಾತ್ರ ಪೂರ್ತಿ ಬದಲಿ ಆಟಗಾರ ಬರಬಹುದು, ಅದು 2019ರಿಂದ. ಅಂದರೆ ಕ್ರಿಕೆಟ್ ಕಾನೂನಿನಲ್ಲಿ ತಲೆಗೆ ಒಂದು ನ್ಯಾಯ, ಕಾಲಿಗೆ ಇನ್ನೊಂದು.

ನನಗೆ ಆ ದಿನ ಚೆನ್ನಾಗಿ ನೆನಪಿರಲು ಬೇರೆ ಕಾರಣ ಉಂಟು. ಪಂತ್‌ಗೆ ಏಟು ಬಿದ್ದದ್ದು ಜುಲೈ 23ರಂದು, ವೋಕ್ಸ್ ಚೆಂಡನ್ನು ರಿವರ್ಸ್ ಸ್ವೀಪ್ ಮಾಡಲು ಹೋಗಿ. ಮರುದಿನ ಆಟಿ ಅಮಾವಾಸ್ಯೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿದು, ಆ ಕಹಿ ಇಳಿಯಲು ಮೆಂತೆ ಗಂಜಿ ಉಂಡು, ಇಡೀ ದಿನ ಬಾಯಿ ಕಹಿ ಕಹಿಯಾಗಿಯೇ ಇತ್ತು. ಸಂಜೆ ಟಿವಿ ಹಾಕಿದರೆ ಇವನು ಮೆಟ್ಟಿಲ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾನೆ. ಮ್ಯಾಂಚೆಸ್ಟರ್‌ನ ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದಾರೆ. ಮನೆಯಲ್ಲಿ ಅಮ್ಮ "ಇವನಿಗೆ ಹೆತ್ತವರು ಯಾರೂ ಇಲ್ವಾ, ಮಲಗು ಅಂತ ಹೇಳುವವರು?" ಎಂದರು. 37ರಲ್ಲಿ ಹೊರಹೋದವನು 54 ಮಾಡಿ ಔಟಾದ. ಓಡಲು ಆಗದಿದ್ದರೂ ಆರ್ಚರ್‌ಗೆ ಒಂದು ಸಿಕ್ಸರ್ ಬೇರೆ.

ಕ್ರೂರವೋ ಅಲ್ಲವೋ, ನರ್ಸ್ ಆದ ನೀವು ಹೇಳಿದರೆ ನಾನು ಎದುರು ಮಾತಾಡುವುದಿಲ್ಲ. ಓವಲ್‌ನಲ್ಲಿ ಇಂಗ್ಲೆಂಡಿನ ವೋಕ್ಸ್ ಹೆಗಲು ಜಾರಿದ ಕೈಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು ಒಂದೇ ಕೈಯಲ್ಲಿ ಬ್ಯಾಟ್ ಹಿಡಿದು ಬಂದಾಗಲೂ ನನಗೆ ಹಾಗೇ ಅನಿಸಿತು. ಅವನಿಗೆ ಒಂದು ಚೆಂಡೂ ಆಡಬೇಕಾಗಿ ಬರಲಿಲ್ಲ, ಆದರೆ ರನ್ ಓಡುವಾಗ ಮುಖ ಹಿಂಡಿದ್ದು ನೋಡಲಾಗುತ್ತಿರಲಿಲ್ಲ. ಏಟು ಬಿದ್ದವನ ಬದಲಿಗೆ ಬೇರೆಯವನನ್ನು ಬಿಡುವ ನಿಯಮ ತರಬೇಕು ಎಂಬ ಪಕ್ಷ ನನ್ನದು. ಮೋಸ ಮಾಡುವವರು ಇರುತ್ತಾರೆ, ಹೌದು, ಅದಕ್ಕೆ ಡಾಕ್ಟರ್ ಇದ್ದಾರಲ್ಲ.

ಪ್ರಶ್ನೆ: ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡ್ ನಾಯಕ ಸ್ಟೋಕ್ಸ್ ಡ್ರಾ ಮಾಡಿಕೊಳ್ಳುವ ಅಂತ ಕೈ ಚಾಚಿದಾಗ ಜಡೇಜ ಕೈ ಕೊಡಬೇಕಿತ್ತು. ಮರ್ಯಾದೆ ಅಂತ ಒಂದು ಉಂಟಲ್ಲ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಒಪ್ಪುವುದಿಲ್ಲ ಸಾರ್. ಮೊದಲ ಓವರ್‌ನಲ್ಲೇ ಸೊನ್ನೆಗೆ 2 ವಿಕೆಟ್ ಹೋಗಿತ್ತು, 311 ರನ್ ಹಿಂದೆ ಇದ್ದೆವು. ಅಲ್ಲಿಂದ ರಾಹುಲ್ 230 ಚೆಂಡು ತಿಂದು 90, ಗಿಲ್ 103. ಆಮೇಲೆ ಜಡೇಜ, ವಾಷಿಂಗ್ಟನ್ ಸುಂದರ್ ಸೇರಿ ಔಟಾಗದೆ 203. ಒಟ್ಟು 143 ಓವರ್ ಬ್ಯಾಟ್ ಮಾಡಿ 4 ವಿಕೆಟ್‌ಗೆ 425. ಒಬ್ಬ 89ರಲ್ಲಿ, ಇನ್ನೊಬ್ಬ 80ರಲ್ಲಿ ಇರುವಾಗ ಎದುರಾಳಿ "ಸಾಕು, ಮನೆಗೆ ಹೋಗುವ" ಎಂದರೆ ಹೋಗಬೇಕಾ? ಇಂಗ್ಲೆಂಡಿನವರಿಗೆ ಸುಸ್ತಾಗಿತ್ತು, ಅಷ್ಟೇ. ಸುಸ್ತು ಮಾಡುವುದೇ ಆ ದಿನದ ಕೆಲಸ. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ದಿನ ಯಾವುದು ಅಂದರೆ ಯಾರೂ ಗೆಲ್ಲದ ಆ ದಿನ.

ಪ್ರಶ್ನೆ: ಆಫೀಸು, ಮನೆ ಎರಡೂ ಇರುವವರು ಹೊರದೇಶದ ಟೆಸ್ಟ್ ನೋಡುವುದು ಹೇಗೆ? ಯಾವ ದೇಶ ನಮಗೆ ಅನುಕೂಲ?
– ಗುಮಾಸ್ತೆ, ಬಂಟ್ವಾಳ

ಉತ್ತರ: ಇಂಗ್ಲೆಂಡ್ ಚಿನ್ನದಂಥ ಸಮಯ. ಮಧ್ಯಾಹ್ನ 3.30ಕ್ಕೆ ಶುರು, ಅವರ ಊಟಕ್ಕೆ ನಮಗೆ 5.30, ಆಗ ಆಫೀಸು ಬಿಟ್ಟು ಬಸ್ಸು ಹತ್ತಬಹುದು, 6.10ಕ್ಕೆ ಮತ್ತೆ ಆಟ. ಅವರು ಟೀ ಕುಡಿಯುವಾಗ ನಾವು ಊಟ ಮಾಡಿ ಮುಗಿಸಬಹುದು. ಆಸ್ಟ್ರೇಲಿಯಾ ಬೆಳಗಿನ ಜಾವ, ಮೆಲ್ಬರ್ನ್ ಆದರೆ 5 ಗಂಟೆ. ನ್ಯೂಜಿಲೆಂಡ್ ಇನ್ನೂ ಕಷ್ಟ, ಮೀನು ಹಿಡಿಯಲು ಹೋಗುವವರು ಮಾತ್ರ ಏಳುವ ಹೊತ್ತು. ವೆಸ್ಟ್ ಇಂಡೀಸ್ ರಾತ್ರಿ ಪೂರ್ತಿ ತಿನ್ನುತ್ತದೆ. ಈ ಸರಣಿ ಬಿಟ್ಟರೆ ನಮ್ಮವರು 2025-27ರ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಲೆಕ್ಕದಲ್ಲಿ ಹೊರಗೆ ಆಡಬೇಕಾದ್ದು ಶ್ರೀಲಂಕಾ ಮತ್ತು ನ್ಯೂಜಿಲೆಂಡ್. ಲಂಕಾ ಆದರೆ ಗಡಿಯಾರದ ಚಿಂತೆಯೇ ಇಲ್ಲ.

ಪ್ರಶ್ನೆ: ಈಗಿನವರಿಗೆ 2021ರ ಗಾಬಾ (ಬ್ರಿಸ್ಬೇನ್ ಮೈದಾನ) ಗೆಲುವು ಬಿಟ್ಟರೆ ಬೇರೆ ಗೊತ್ತಿಲ್ಲ. ಹಿಂದಿನವರ ಪ್ರವಾಸದ ಬಗ್ಗೆ, ಅದರಲ್ಲೂ ಕರ್ನಾಟಕದವರ ಬಗ್ಗೆ ನಾಲ್ಕು ಮಾತು ಬರೆಯಿರಿ. ನಾನು ರೇಡಿಯೊ ಕಾಲದವನು.
– ನಿವೃತ್ತ ಮಾಸ್ಟ್ರು, ಕುಂದಾಪುರ

ಉತ್ತರ: ಮಾಸ್ಟ್ರೇ, ನಾಲ್ಕರಲ್ಲಿ ನಿಲ್ಲಿಸುವುದು ಕಷ್ಟ. 1932ರಲ್ಲಿ ನಮ್ಮವರು ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ತಿಂಗಳುಗಟ್ಟಲೆ ಅಲ್ಲೇ ಇದ್ದು ಕೌಂಟಿ ತಂಡಗಳ ಜೊತೆ ಆಡಿದರು. ಟೆಸ್ಟ್ ಇದ್ದದ್ದು ಒಂದೇ, ಲಾರ್ಡ್ಸ್‌ನಲ್ಲಿ, ಸಿ.ಕೆ. ನಾಯ್ಡು ನಾಯಕ. ಈಗ ಉಲ್ಟಾ, ಟೆಸ್ಟ್ ಐದು, ಅಭ್ಯಾಸ ಪಂದ್ಯ ಹೆಸರಿಗೆ. ಹೊರದೇಶದಲ್ಲಿ ಮೊದಲ ಸರಣಿ ಗೆಲ್ಲಲು 36 ವರ್ಷ ಬೇಕಾಯಿತು. 1968ರಲ್ಲಿ ನ್ಯೂಜಿಲೆಂಡ್‌ನಲ್ಲಿ 3-1. ನಮ್ಮ ಪ್ರಸನ್ನ ಒಬ್ಬರೇ 24 ವಿಕೆಟ್.

1971ರಲ್ಲಿ ಓವಲ್‌ನಲ್ಲಿ ಚಂದ್ರಶೇಖರ್ 38 ರನ್ ಕೊಟ್ಟು 6 ವಿಕೆಟ್ ತೆಗೆದದ್ದು, ಇಂಗ್ಲೆಂಡಿನಲ್ಲಿ ಮೊದಲ ಗೆಲುವು, ನಿಮಗೆ ಹೇಳಿಕೊಡಬೇಕಾಗಿಲ್ಲ. ಪೋಲಿಯೊ ತಿಂದ ಕೈ ಅದು. ಅದೇ ಕೈ 1977-78ರ ಮೆಲ್ಬರ್ನ್‌ನಲ್ಲಿ ಮೊದಲ ಇನಿಂಗ್ಸ್‌ನಲ್ಲಿ 52ಕ್ಕೆ 6, ಎರಡನೆಯದರಲ್ಲೂ 52ಕ್ಕೆ 6. ಇಂಥ ಅಂಕಿ ಬೇಕೆಂದು ಕೂತು ಬರೆದರೂ ಬರುವುದಿಲ್ಲ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ 403 ಬೆನ್ನಟ್ಟಿ ಗೆದ್ದಾಗ ಭದ್ರಾವತಿಯ ವಿಶ್ವನಾಥ್ 112. 1986ರ ಲೀಡ್ಸ್‌ನಲ್ಲಿ ರೋಜರ್ ಬಿನ್ನಿ 7 ವಿಕೆಟ್. ದ್ರಾವಿಡ್ 2003ರ ಅಡಿಲೇಡ್‌ನಲ್ಲಿ 233, ಮತ್ತೆ ಔಟಾಗದೆ 72.

ಕುಂಬ್ಳೆಯ ಬಗ್ಗೆ ನಾವು ಕರಾವಳಿಯವರು ಸ್ವಲ್ಪ ಜಾಸ್ತಿ ಮಾತಾಡುತ್ತೇವೆ, ಹೆಸರಲ್ಲೇ ನಮ್ಮ ನೆರೆಯ ಕುಂಬಳೆ ಇದೆ ನೋಡಿ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದು, ತಲೆಯಿಂದ ಗದ್ದದವರೆಗೆ ಬಟ್ಟೆ ಸುತ್ತಿಕೊಂಡು ಬಂದು 14 ಓವರ್ ಎಸೆದರು, ಲಾರಾ ವಿಕೆಟ್ ತೆಗೆದರು. ಪಂತ್ ಕಾಲಿನ ಸುದ್ದಿ ಬಂದಾಗ ನನ್ನ ವಯಸ್ಸಿನ ಎಲ್ಲರಿಗೂ ಮೊದಲು ನೆನಪಾದದ್ದು ಆ ಬಿಳಿ ಬಟ್ಟೆಯೇ.

ರೇಡಿಯೊ ಎಂದಿರಿ. ನಮ್ಮ ಅಜ್ಜನ ಟ್ರಾನ್ಸಿಸ್ಟರ್‌ಗೆ ಚರ್ಮದ ಚೀಲ ಇತ್ತು. ಮಳೆಗಾಲದಲ್ಲಿ ಕಾಮೆಂಟರಿ ಗೊರಗೊರ ಎಂದರೆ ಅಜ್ಜ ಅದನ್ನು ಅಕ್ಕಿ ಮುಡಿಯ ಮೇಲೆ ಇಟ್ಟು ತಿರುಗಿಸಿ ತಿರುಗಿಸಿ ಒಂದು ಕೋನದಲ್ಲಿ ನಿಲ್ಲಿಸುತ್ತಿದ್ದರು. ಆಮೇಲೆ ಯಾರೂ ಆ ಕಡೆ ಸುಳಿಯಬಾರದು.

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ಬೀದಿಯಲ್ಲಿ ಟೆನ್ನಿಸ್ ಬಾಲ್ ಆಡುತ್ತಾನೆ, ಸಿಕ್ಸರ್ ಹೊಡೆಯುತ್ತಾನೆ. ಇಂಗ್ಲೆಂಡಿಗೆ ಹೋಗಿ ಆಡುವ ಮಟ್ಟಕ್ಕೆ ಬರಬೇಕಾದರೆ ಎಂತ ಮಾಡಬೇಕು?
– ತಾಯಿ, ಸುರತ್ಕಲ್

ಉತ್ತರ: ಅಕ್ಕ, ಆಸೆ ದೊಡ್ಡದೇ ಇರಲಿ, ಆದರೆ ಮೊದಲ ಹೆಜ್ಜೆ ಚಿಕ್ಕದು. ಕೆಂಪು ಚೆಂಡಿನಲ್ಲಿ ಕಲಿಸುವ ಕ್ಯಾಂಪಿಗೆ ಹಾಕಿ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮಂಗಳೂರು ವಲಯ ಉಂಟು, ವಯಸ್ಸಿನ ಗುಂಪುಗಳ ಆಯ್ಕೆ ಅಲ್ಲಿಂದ ಶುರುವಾಗುತ್ತದೆ, ಅದರ ಕ್ಲಬ್‌ಗಳಲ್ಲಿ ಕೇಳಿ. ಟೆನ್ನಿಸ್ ಬಾಲ್ ಬಿಡಿಸಬೇಡಿ. ಕಣ್ಣು, ಕೈ ಚುರುಕಾಗಲು ಅದು ಒಳ್ಳೆಯದೇ. ಅದರಲ್ಲಿ ಬರುವ ಕೆಟ್ಟ ಚಾಳಿ ಒಂದೇ, ಪ್ರತಿ ಚೆಂಡೂ ಹೊಡೆಯಬೇಕೆನಿಸುವುದು. ಬಿಡಲು ಕಲಿಸಿ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಗದ್ದೆಯಾಗಿರುತ್ತದೆ. ಆಗ ಸುಮ್ನೆ ಕೂರಿಸಬೇಡಿ. ಸಿಮೆಂಟ್ ನೆಲ ಇರುವ ಜಗಲಿಯೋ ಶೆಡ್ಡೋ ಸಿಕ್ಕಿದರೆ ಸಾಕು, ಒಂದು ಬಕೆಟ್ ನೀರು, ಅದರಲ್ಲಿ ನಾಲ್ಕು ಟೆನ್ನಿಸ್ ಚೆಂಡು. ಹದಿನೈದು ಅಡಿ ದೂರದಿಂದ ಒದ್ದೆ ಚೆಂಡನ್ನು ನೆಲಕ್ಕೆ ಬಡಿದು ಎಸೆದರೆ ಅದು ಜಾರಿ ಎದೆ ಮಟ್ಟಕ್ಕೆ ಚಂಗನೆ ಏಳುತ್ತದೆ. ಬೌನ್ಸ್‌ಗೆ ಒಗ್ಗಲು ದೊಡ್ಡ ದೊಡ್ಡವರೂ ಮಾಡುವ ಅಭ್ಯಾಸ ಇದು. ಖರ್ಚು ಏನೂ ಇಲ್ಲ, ಗೋಡೆಯ ಮೇಲೆ ಬೀಳುವ ದುಂಡು ದುಂಡು ಕಲೆ ಒಂದನ್ನು ನೀವು ಸಹಿಸಬೇಕು.

ಪ್ರಶ್ನೆ: ಗಂಡ ಎರಡು ತಿಂಗಳು ಟೂರು ಹೋದರೆ ಹೆಂಡತಿ ಮಕ್ಕಳ ಗತಿ? ಅವರನ್ನು ಕರಕೊಂಡು ಹೋಗಬಹುದಾ?
– ಗೃಹಿಣಿ, ಮೂಡುಬಿದಿರೆ

ಉತ್ತರ: 2025ರಲ್ಲಿ ಕ್ರಿಕೆಟ್ ಮಂಡಳಿಯವರು ಕಟ್ಟುನಿಟ್ಟು ಮಾಡಿದ್ದಾರೆ. 45 ದಿನ ಮೀರಿದ ಪ್ರವಾಸವಾದರೆ ಎರಡು ವಾರ ಮಾತ್ರ ಮನೆಯವರು ಜೊತೆಗಿರಬಹುದು. ಲಗೇಜಿಗೂ ಮಿತಿ, ದೀರ್ಘ ಪ್ರವಾಸಕ್ಕೆ ಒಬ್ಬರಿಗೆ 150 ಕಿಲೋ. ನಮ್ಮ ಕಡೆಯಿಂದ ಮುಂಬೈಗೆ ಹೋಗುವವರು ಒಯ್ಯುವ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ನೆನಪಿಸಿಕೊಂಡರೆ 150 ಕಿಲೋ ಕಡಿಮೆಯೇ.

ಪ್ರಶ್ನೆ: ಸಿರಾಜ್ ಬಗ್ಗೆ ಬರೆಯಿರಿ. ಬುಮ್ರಾ ಇಲ್ಲದ ಎರಡೂ ಪಂದ್ಯ ಗೆದ್ದೆವು. ಹಾಗಾದರೆ ಬುಮ್ರಾ ಬೇಡವೇ? ಓವಲ್‌ನ ಕೊನೇ ಬೆಳಿಗ್ಗೆ ನೀವು ಎಲ್ಲಿದ್ದಿರಿ?
– ರಿಕ್ಷಾ ಚಾಲಕರು, ಮಂಗಳೂರು

ಉತ್ತರ: ಬುಮ್ರಾ ಬೇಡ ಎನ್ನುವವರ ಸಂಗಡ ನಾನು ಚಹಾ ಕೂಡ ಕುಡಿಯುವುದಿಲ್ಲ. ಹಿಂದಿನ ಆಸ್ಟ್ರೇಲಿಯಾ ಪ್ರವಾಸದಲ್ಲಿ 32 ವಿಕೆಟ್ ತೆಗೆದು ಬೆನ್ನು ಕಳೆದುಕೊಂಡವನು ಅವನು. ಅದಕ್ಕೇ ಈ ಸಲ ಮೂರೇ ಪಂದ್ಯ.

ಸಿರಾಜ್ ಐದೂ ಆಡಿದ. 1113 ಚೆಂಡು ಎಸೆದ, 23 ವಿಕೆಟ್. ಪ್ರತಿ ಚೆಂಡಿಗೂ ಅದೇ ಉದ್ದದ ಓಟ. ಲಾರ್ಡ್ಸ್‌ನಲ್ಲಿ ಕೊನೆಯವನಾಗಿ ಔಟಾದವನೂ ಅವನೇ, ಬ್ಯಾಟಿನ ನಡುವಿಗೇ ಬಿದ್ದ ಚೆಂಡು ಹಿಂದಕ್ಕೆ ಉರುಳಿ ಬೇಲ್ಸ್ ಬೀಳಿಸಿತು, ಜಡೇಜ ಆ ಕಡೆ 61 ಮಾಡಿ ನಿಂತಿದ್ದ. ಓವಲ್‌ನ ನಾಲ್ಕನೇ ದಿನ ಬ್ರೂಕ್ 19ರಲ್ಲಿ ಇದ್ದಾಗ ನಮ್ಮ ಪ್ರಸಿದ್ಧ್ ಕೃಷ್ಣ ಚೆಂಡಿಗೆ ಕೊಟ್ಟ ಕ್ಯಾಚ್ ಹಿಡಿದು ಗೆರೆ ತುಳಿದವನೂ ಅವನೇ. ಬ್ರೂಕ್ 111 ಹೊಡೆದ. ಆ ರಾತ್ರಿ ಸಿರಾಜ್‌ಗೆ ನಿದ್ದೆ ಹೇಗೆ ಬಂತೋ.

ಆಗಸ್ಟ್ 4, ಸೋಮವಾರ. ಇಂಗ್ಲೆಂಡಿಗೆ 35 ರನ್ ಬೇಕು, ನಮಗೆ 4 ವಿಕೆಟ್. 3.30ಕ್ಕೆ ಶುರು. ನಾನು ಬಂದರಿನ ಹತ್ತಿರ ಒಂದು ಹೋಟೆಲಿನ ಜಗಲಿಯಲ್ಲಿ ಮಳೆಗೆ ನಿಂತಿದ್ದೆ, ಕೈಯಲ್ಲಿ ಮೊಬೈಲು. ಹೋಟೆಲಿನ ಟಿವಿ ಒಳಗೆ, ನನಗೆ ಕಾಣುವುದಿಲ್ಲ. ಪ್ರಸಿದ್ಧ್‌ನ ಮೊದಲ ಎರಡು ಚೆಂಡಿಗೆ ಎರಡು ಬೌಂಡರಿ ಹೋಯಿತು. ಗೋಳಿಬಜೆ ಕಟ್ಟಿಸಿಕೊಳ್ಳುತ್ತಿದ್ದ ಒಬ್ಬರು "ಮುಗೀತು" ಎಂದು ಕೊಡೆ ಬಿಡಿಸಿ ಹೊರಟೇ ಹೋದರು. ಆಮೇಲೆ ಸ್ಮಿತ್, ಓವರ್‌ಟನ್ ಇಬ್ಬರನ್ನೂ ಸಿರಾಜ್ ತೆಗೆದ, ಟಂಗ್‌ನನ್ನು ಪ್ರಸಿದ್ಧ್. ಆ ಪಂದ್ಯದಲ್ಲಿ ಪ್ರಸಿದ್ಧ್‌ಗೂ 8 ವಿಕೆಟ್ ಎಂಬುದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಇಲ್ಲಿ ಹೇಳಿದ್ದೇನೆ. 80 ಓವರ್ ಆದ ಮೇಲೂ ಹೊಸ ಚೆಂಡು ತೆಗೆದುಕೊಳ್ಳಲಿಲ್ಲ, ಹಳೆಯದೇ ಚೆನ್ನಾಗಿ ಹೊರಳುತ್ತಿತ್ತು. ವೋಕ್ಸ್ ಒಂದು ಕೈಯಲ್ಲಿ ಬಂದು ನಿಂತ. ಆ್ಯಟ್ಕಿನ್ಸನ್ ಸಿಕ್ಸರ್ ಹೊಡೆದ, ಚೆಂಡು ಆಕಾಶ್ ದೀಪ್ ಕೈಗೆ ತಾಗಿ ಆಚೆ ಬಿತ್ತು. ಆಮೇಲೆ ಕೆಲವು ರನ್ ಓಡಿದರು, ಇನ್ನು 7 ರನ್ ಬೇಕು.

ಮೊಬೈಲಿನಲ್ಲಿ ಬರುವುದು ಟಿವಿಗಿಂತ ಸುಮಾರು ಅರ್ಧ ನಿಮಿಷ ಹಿಂದೆ, ನಿಮಗೂ ಗೊತ್ತಿರಬೇಕು. ನನ್ನ ಪರದೆಯಲ್ಲಿ ಸಿರಾಜ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ ಹಿಂದಕ್ಕೆ ನಡೆಯುತ್ತಿದ್ದ. ಒಳಗಿನಿಂದ ಪಾತ್ರೆ ಬಿದ್ದ ಹಾಗೆ ಒಂದು ದೊಡ್ಡ ಕೂಗು ಬಂತು. ಸಪ್ಲೈಯರ್ ಹುಡುಗ ಲೋಟ ಹಿಡಿದುಕೊಂಡೇ ಹೊರಗೆ ಓಡಿ ಬಂದ, ನನ್ನ ಮುಖ ನೋಡಿದ, ಮೊಬೈಲು ನೋಡಿದ. "ಹೇಳಬೇಡ ಮಾರಾಯ" ಎಂದೆ. ಅವನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತ, ನಗು ತಡೆಯಲು ಆಗುತ್ತಿರಲಿಲ್ಲ ಅವನಿಗೆ. ಸಿರಾಜ್ ತಿರುಗಿದ, ಓಡಲು ಶುರು ಮಾಡಿದ.